ತಮಟೆ, ನಗಾರಿ ಸ್ಯಾಂಪಲ್‌ಗಳಿಗೆ ಸರಿಯಾದ ಮಿಡಿ ನಂಬರ್ ಕೊಡುವುದು ಹೇಗೆ?

ಗಣೇಶನ ಹಬ್ಬ ಹತ್ತಿರ ಬಂತು ಅಂದ್ರೆ ಮೈಸೂರು, ಮಂಡ್ಯ ಕಡೆಯ ಆರ್ಕೆಸ್ಟ್ರಾ ಹುಡುಗರಿಂದ ನನಗೆ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. "ಅಣ್ಣ, ಮನೇಲಿ ಕೂತು ಮಾಡಿದ ಬೀಟ್ ಚೆನ್ನಾಗಿತ್ತು. ಇನ್ನೊಬ್ಬರ ಕೀಬೋರ್ಡಿಗೆ ಹಾಕಿದ್ರೆ ನಗಾರಿ ಬರೋ ಕಡೆ ಚಪ್ಪಾಳೆ ಬರ್ತಿದೆ, ತಮಟೆ ಬರೋ ಕಡೆ ಏನೂ ಬರ್ತಿಲ್ಲ. ಫೈಲ್ ಹಾಳಾಯ್ತಾ?"

ಫೈಲ್ ಹಾಳಾಗಿರುವುದಿಲ್ಲ. ನಂಬರ್ ಹೊಂದುತ್ತಿಲ್ಲ, ಅಷ್ಟೇ. ನೀವು ಸ್ಯಾಂಪಲ್‌ಗಳನ್ನು, ಅಂದರೆ ರೆಕಾರ್ಡ್ ಮಾಡಿದ ಒಂದೊಂದು ಪೆಟ್ಟಿನ ಸದ್ದನ್ನು, ಕೈಗೆ ಸಿಕ್ಕ ಕೀಗಳ ಮೇಲೆ ಕೂರಿಸಿದ್ದೀರಿ. ಆ ಕಡೆಯ ಕೀಬೋರ್ಡ್ ಎಲ್ಲರೂ ಒಪ್ಪಿಕೊಂಡ ಒಂದು ಪಟ್ಟಿಯ ಪ್ರಕಾರ ನುಡಿಸುತ್ತಿದೆ. ನಿಮ್ಮ ಕಿಟ್ಟನ್ನು, ಅಂದರೆ ಆ ಸ್ಯಾಂಪಲ್‌ಗಳ ಗುಂಪನ್ನು, ಆ ಪಟ್ಟಿಗೆ ಹೊಂದಿಸುವ ಕೆಲಸವನ್ನು ಇಲ್ಲಿ ಮೊದಲಿಂದ ಕೊನೆಯವರೆಗೆ ಹೇಳುತ್ತೇನೆ. ಒಂದು ಭಾನುವಾರ ಪೂರ್ತಿ ಕೂತರೆ ಮುಗಿಯುತ್ತದೆ.

ಮೊದಲು ಎರಡು ಮಾತು ಅರ್ಥ ಆಗಬೇಕು

ಮಿಡಿ ಅಂದರೆ ವಾದ್ಯಗಳೂ ಕಂಪ್ಯೂಟರ್‌ಗಳೂ ಒಂದಕ್ಕೊಂದು ಮಾತಾಡಿಕೊಳ್ಳುವ ಭಾಷೆ. 1983ರಲ್ಲಿ ಬಂತು. ಮಿಡಿ ಫೈಲಿನೊಳಗೆ ಸದ್ದು ಇರುವುದಿಲ್ಲ. "36ನೇ ನಂಬರನ್ನು ಇಷ್ಟು ಜೋರಾಗಿ ಹೊಡಿ" ಅನ್ನುವಂಥ ಸೂಚನೆ ಮಾತ್ರ ಇರುತ್ತದೆ. ನಂಬರ್ 0ರಿಂದ 127ರವರೆಗೆ. ಇದನ್ನೇ ನೋಟ್ ನಂಬರ್ ಅನ್ನುವುದು. ಎಷ್ಟು ಜೋರು ಅನ್ನುವುದಕ್ಕೆ ವೆಲಾಸಿಟಿ ಅಂತ ಹೆಸರು. ಅದು 1ರಿಂದ 127ರವರೆಗೆ ಹೋಗುತ್ತದೆ.

36 ಅಂದರೆ ಯಾವ ಸದ್ದು ಅಂತ ಮಿಡಿ ಹೇಳುವುದಿಲ್ಲ. ಅದನ್ನು ಹೇಳುವುದು 1991ರಲ್ಲಿ ಬಂದ ಜನರಲ್ ಮಿಡಿ ಎಂಬ ಒಪ್ಪಂದ. ಅದರ ಪ್ರಕಾರ ಡ್ರಮ್ಸ್‌ಗೆ 10ನೇ ಚಾನೆಲ್, ಅಂದರೆ ಸೂಚನೆಗಳು ಹೋಗುವ 10ನೇ ದಾರಿ, ಮೀಸಲು. ಆ ಚಾನೆಲ್‌ನಲ್ಲಿ 35ರಿಂದ 81ರವರೆಗೆ ಒಂದೊಂದು ನಂಬರಿಗೂ ಒಂದೊಂದು ವಾದ್ಯ. ಮನೆ ನಂಬರ್ ಇದ್ದ ಹಾಗೆ ಅಂದುಕೊಳ್ಳಿ. ಮನೆಯಲ್ಲಿ ಯಾರಿದ್ದಾರೆ ಅನ್ನುವುದು ಬದಲಾಗಬಹುದು, ವಿಳಾಸ ಬದಲಾಗುವುದಿಲ್ಲ.

ಬೇಕಾದ ಸಾಮಾನು

ನಿಮ್ಮ ಸ್ಯಾಂಪಲ್‌ಗಳು ವೇವ್ ಫೈಲ್ ಆಗಿರಬೇಕು. ಕತ್ತರಿಸಲು ಆಡಾಸಿಟಿ, ಕಿಟ್ ಕಟ್ಟಲು ಪಾಲಿಫೋನ್ ಸಾಕು. ಎರಡೂ ಉಚಿತ. ಪಾಲಿಫೋನ್ ಸೌಂಡ್‌ಫಾಂಟ್ ಫೈಲ್ ಮಾಡಿಕೊಡುತ್ತದೆ. ಸೌಂಡ್‌ಫಾಂಟ್ ಅಂದರೆ ಸ್ಯಾಂಪಲ್‌ಗಳನ್ನೂ ಅವುಗಳ ವಿಳಾಸವನ್ನೂ ಒಟ್ಟಿಗೆ ಕಟ್ಟಿಟ್ಟ ಒಂದು ಗಂಟು. ಬೇರೆ ಸ್ಯಾಂಪ್ಲರ್ ಬಳಸುವವರಿಗೂ ಮುಂದಿನ ಹಂತಗಳು ಹೆಚ್ಚುಕಡಿಮೆ ಹೀಗೇ ಇರುತ್ತವೆ, ಬಟನ್‌ಗಳ ಹೆಸರು ಮಾತ್ರ ಬೇರೆ. ಜೊತೆಗೆ ಒಂದು ನೋಟ್‌ಬುಕ್, ಪೆನ್ನು. ಪೆನ್ನು ಹಿಡಿಯದೆ ಶುರು ಮಾಡಬೇಡಿ.

ಹಂತ 1: ಪಟ್ಟಿಯನ್ನು ಎದುರಿಗೆ ಇಟ್ಟುಕೊಳ್ಳಿ

ದಿನನಿತ್ಯ ಬೇಕಾಗುವ ನಂಬರ್‌ಗಳು ಇಷ್ಟು:

35, 36: ಬಾಸ್ ಡ್ರಮ್, ಅಂದರೆ ಕಿಕ್
37: ಸೈಡ್ ಸ್ಟಿಕ್, ಸ್ನೇರ್‌ನ ಅಂಚಿಗೆ ಕೋಲು ತಾಗಿಸಿದ ಟಕ್ ಸದ್ದು
38, 40: ಸ್ನೇರ್
39: ಚಪ್ಪಾಳೆ
41, 43, 45, 47, 48, 50: ಟಾಮ್‌ಗಳು, ದಪ್ಪ ಸದ್ದಿನಿಂದ ತೆಳು ಸದ್ದಿಗೆ
42, 44, 46: ಹೈ ಹ್ಯಾಟ್, ಅಂದರೆ ಜೋಡಿ ತಾಳ. ಮುಚ್ಚಿದ್ದು, ಕಾಲಲ್ಲಿ ಒತ್ತಿದ್ದು, ತೆರೆದದ್ದು
49, 57: ಕ್ರಾಶ್, ಅಬ್ಬರದ ದೊಡ್ಡ ತಾಳ
51, 59: ರೈಡ್, ಲಯ ಹಿಡಿಯುವ ದೊಡ್ಡ ತಾಳ. 53: ರೈಡ್‌ನ ಗಂಟೆ
54: ಟ್ಯಾಂಬರಿನ್
60, 61: ಬಾಂಗೋ
62, 63, 64: ಕಾಂಗಾ
71, 72: ವಿಷಲ್, ಗಿಡ್ಡ ಮತ್ತು ಉದ್ದ
80, 81: ಟ್ರಯಾಂಗಲ್

ಟಾಮ್‌ಗಳ ನಂಬರ್ ಹೀಗೆ ಯಾಕೆ ಜಿಗಿಯುತ್ತದೆ ಅಂತ ತುಂಬಾ ಜನ ಕೇಳುತ್ತಾರೆ. ಕೀಬೋರ್ಡ್ ಮುಂದೆ ಕೂತು ನೋಡಿ, ತಾನಾಗಿ ಗೊತ್ತಾಗುತ್ತದೆ. 42, 44, 46 ಅಕ್ಕಪಕ್ಕದ ಮೂರು ಕಪ್ಪು ಕೀಗಳು. ಹೈ ಹ್ಯಾಟ್ ಆ ಮೂರರ ಮೇಲೆ ಕೂತಿದೆ. 41, 43, 45, 47, 48, 50 ಎಲ್ಲವೂ ಬಿಳಿ ಕೀಗಳು. ಬಲಗೈಯ ಬೆರಳು ಕಪ್ಪು ಕೀಗಳ ಮೇಲೆ ತಾಳ ಹಿಡಿದಿರುವಾಗ ಇನ್ನೊಂದು ಕೈ ಬಿಳಿ ಕೀಗಳ ಮೇಲೆ ಟಾಮ್ ಉರುಳಿಸಬಹುದು. ಇದನ್ನು ಒಮ್ಮೆ ಬೆರಳಲ್ಲಿ ಹಿಡಿದರೆ ಪಟ್ಟಿ ಬಾಯಿಪಾಠ ಮಾಡಬೇಕಾಗಿಲ್ಲ.

ಎಚ್ಚರ: ಕೀಗಳ ಹೆಸರನ್ನು ನಂಬಬೇಡಿ, ನಂಬರನ್ನು ಮಾತ್ರ ನಂಬಿ. 60ನೇ ನೋಟನ್ನು ಯಮಾಹಾ ಸಿ3 ಅನ್ನುತ್ತದೆ. ರೋಲ್ಯಾಂಡ್ ಸಿ4 ಅನ್ನುತ್ತದೆ. ಎಫ್ಎಲ್ ಸ್ಟುಡಿಯೋ ಎಂಬ ಸಂಗೀತದ ಸಾಫ್ಟ್‌ವೇರ್‌ನಲ್ಲಿ ಅದೇ ಕೀ ಸಿ5. ಹಾಗಾಗಿ "ಕಿಕ್ ಸಿ1ರಲ್ಲಿದೆ" ಅಂತ ಸ್ನೇಹಿತರು ಫೋನಲ್ಲಿ ಹೇಳಿದರೆ ಅದು 36 ಆಗಿರಬಹುದು, 24 ಕೂಡ ಆಗಿರಬಹುದು. "ನಂಬರ್ ಎಷ್ಟು?" ಅಂತ ಕೇಳಿ.

ಹಂತ 2: ನಮ್ಮ ವಾದ್ಯಗಳಿಗೆ ವಿಳಾಸ ಹುಡುಕಿ

ಇದೇ ಈ ಕೆಲಸದ ಜೀವ. ನಿಧಾನವಾಗಿ ಮಾಡಿ.

ಜನರಲ್ ಮಿಡಿ ಪಟ್ಟಿಯಲ್ಲಿ ಬ್ರೆಜಿಲ್, ಕ್ಯೂಬಾದ ವಾದ್ಯಗಳಿವೆ. ತಮಟೆ ಇಲ್ಲ, ನಗಾರಿ ಇಲ್ಲ, ಕಂಸಾಳೆ ಇಲ್ಲ. ಹಾಗಾದರೆ ನಮ್ಮ ವಾದ್ಯವನ್ನು ಎಲ್ಲಿ ಕೂರಿಸುವುದು? "ಪಟ್ಟಿ ಮುಗಿದ ಮೇಲೆ 90, 91 ಅಂತ ಖಾಲಿ ಜಾಗದಲ್ಲಿ ಇಟ್ಟುಬಿಡ್ತೀನಿ" ಅನ್ನುವವರೇ ಜಾಸ್ತಿ. ಅದು ಸರಿಹೋಗುವುದಿಲ್ಲ. ನಿಮ್ಮ ಕಿಟ್ ಇಲ್ಲದ ಕೀಬೋರ್ಡಿನಲ್ಲಿ ಆ ಫೈಲ್ ಹಾಕಿದಾಗ 90ನೇ ಮನೆಯಲ್ಲಿ ಯಾರೂ ಇರುವುದಿಲ್ಲ. ಪೂರ್ತಿ ಮೌನ.

ನನ್ನ ದಾರಿ ಇದು. ಆ ವಾದ್ಯ ಬೀಟ್‌ನಲ್ಲಿ ಯಾವ ಕೆಲಸ ಮಾಡುತ್ತದೆ ನೋಡಿ. ಅದೇ ಕೆಲಸ ಮಾಡುವ ಡ್ರಮ್ಮಿನ ವಿಳಾಸ ಕೊಡಿ. ಆಗ ನಿಮ್ಮ ಕಿಟ್ ಇರುವ ಕಡೆ ತಮಟೆ ಕೇಳುತ್ತದೆ, ಇಲ್ಲದ ಕಡೆ ಸ್ನೇರ್ ಕೇಳುತ್ತದೆ. ಸದ್ದು ಬೇರೆಯಾದರೂ ಲಯ ನಿಲ್ಲುತ್ತದೆ. ಕುಣಿಯುವವರ ಕಾಲು ತಪ್ಪುವುದಿಲ್ಲ.

ನಾನು ಬಳಸುವ ಹಂಚಿಕೆ ಹೀಗಿದೆ:

ನಗಾರಿಯ ದೊಡ್ಡ ಪೆಟ್ಟು: 36
ನಗಾರಿಯ ಅದುಮಿದ ಪೆಟ್ಟು: 35
ತಮಟೆ, ದಪ್ಪ ಕೋಲಿನ ನಡು ಪೆಟ್ಟು: 38
ತಮಟೆ, ಅಂಚಿನ ಪೆಟ್ಟು: 40
ತಮಟೆ, ತೆಳು ಕೋಲಿನ ಚಟ್ ಪೆಟ್ಟು: 37
ಕಂಸಾಳೆ ಅದುಮಿ ಹೊಡೆದದ್ದು: 42
ಕಂಸಾಳೆ ಬಿಟ್ಟು ಹೊಡೆದದ್ದು: 46
ಡೋಲು, ದಪ್ಪ ಸದ್ದಿನ ಬದಿ: 43
ಡೋಲು, ತೆಳು ಸದ್ದಿನ ಬದಿ: 48
ಗೆಜ್ಜೆ: 54
ಚಪ್ಪಾಳೆ: 39

ತಮಟೆಯವರ ಜೊತೆ ವಿಷಲ್ ಊದುವವರು ಇದ್ದೇ ಇರುತ್ತಾರೆ ಅಲ್ವಾ? ಅದಕ್ಕೆ ಪಟ್ಟಿಯಲ್ಲೇ ಜಾಗ ಇದೆ. ಪೀಪ್ ಅಂತ ತುಂಡು ವಿಷಲ್ 71ಕ್ಕೆ, ಎಳೆದು ಊದಿದ್ದು 72ಕ್ಕೆ.

1999ರಲ್ಲಿ ಬಂದ ಜನರಲ್ ಮಿಡಿ 2 ಈ ಪಟ್ಟಿಯನ್ನು 27ರಿಂದ 87ರವರೆಗೆ ಹಿಗ್ಗಿಸಿತು. ಅದರಲ್ಲಿ 86, 87 ಸುರ್ಡೋ ಎಂಬ ಬ್ರೆಜಿಲ್‌ನ ದೊಡ್ಡ ಡ್ರಮ್ಮಿಗೆ. ಸದ್ದಿನಲ್ಲಿ ಅದು ನಗಾರಿಗೆ ಹತ್ತಿರ. ಆದರೂ ನಾನು ನಗಾರಿಯನ್ನು ಅಲ್ಲಿ ಇಡುವುದಿಲ್ಲ. ಹಳೆಯ ಕೀಬೋರ್ಡ್‌ಗಳಲ್ಲಿ ಆ ಎರಡು ನಂಬರಿಗೆ ಸದ್ದೇ ಇಲ್ಲದಿರಬಹುದು. ನಮ್ಮ ಕಡೆಯ ಬಹಳಷ್ಟು ತಂಡಗಳ ಕೈಯಲ್ಲಿರುವುದು ಹಳೆಯ ಕೀಬೋರ್ಡ್‌ಗಳೇ.

ಹಂತ 3: ಸ್ಯಾಂಪಲ್ ಕತ್ತರಿಸಿ

ನೀವೇ ರೆಕಾರ್ಡ್ ಮಾಡುವವರಾದರೆ ಒಂದು ಮಾತು. ತಮಟೆಯನ್ನು ಬೆಂಕಿಗೆ ಹಿಡಿದು ಕಾಯಿಸಿದಾಗ ಚರ್ಮ ಬಿಗಿಯಾಗಿ ಸದ್ದು ಏರುತ್ತದೆ. ಆರುತ್ತಾ ಹೋದಂತೆ ಇಳಿಯುತ್ತದೆ. ಮದ್ದೂರು ಕಡೆ ಒಂದು ಹೊಲದ ಬದುವಿನಲ್ಲಿ ಒಣ ಸೋಗೆ ಹೊತ್ತಿಸಿ ಕಾಯಿಸಿದ ತಮಟೆಯನ್ನು ನಾನು ರೆಕಾರ್ಡ್ ಮಾಡಿದ್ದೆ. ಮೊದಲ ಪೆಟ್ಟಿಗೂ ಅರ್ಧ ಗಂಟೆಯ ನಂತರದ ಪೆಟ್ಟಿಗೂ ಬೇರೆ ಬೇರೆ ತಮಟೆ ಅನ್ನುವಷ್ಟು ವ್ಯತ್ಯಾಸ. ಹಾಗಾಗಿ ಮೆಲ್ಲಗಿನದು, ಮಧ್ಯಮ, ಜೋರು, ಮೂರೂ ಪೆಟ್ಟುಗಳನ್ನು ಒಂದೇ ಕಾವಿನಲ್ಲಿ ಮುಗಿಸಿಕೊಳ್ಳಿ. ಆಮೇಲೆ ಮತ್ತೆ ಕಾಯಿಸಿ ಮುಂದಿನದಕ್ಕೆ ಹೋಗಿ.

ಆಡಾಸಿಟಿಯಲ್ಲಿ ಪ್ರತಿ ಪೆಟ್ಟನ್ನೂ ಬೇರೆ ಫೈಲ್ ಮಾಡಿ. ಪೆಟ್ಟಿಗೆ ಮುಂಚಿನ ಮೌನವನ್ನು ಪೂರ್ತಿ ತೆಗೆಯಿರಿ. 120 ಟೆಂಪೋದಲ್ಲಿ ಒಂದು ಮಾತ್ರೆಯ ಕಾಲು ಭಾಗ ಅಂದರೆ 125 ಮಿಲಿಸೆಕೆಂಡ್. ಸ್ಯಾಂಪಲ್ ಶುರುವಿನಲ್ಲಿ 30 ಮಿಲಿಸೆಕೆಂಡ್ ಮೌನ ಉಳಿದರೆ, ಪ್ರತಿ ಪೆಟ್ಟೂ ಅದರ ನಾಲ್ಕನೇ ಒಂದು ಭಾಗದಷ್ಟು ತಡ. "ಯಾಕೋ ಬೀಟ್ ಎಳೀತಿದೆ" ಅಂತ ಗಾಯಕರು ಹೇಳುವುದಕ್ಕೆ ಎಷ್ಟೋ ಸಲ ಇದೇ ಕಾರಣ. ಕತ್ತರಿಸುವ ಜಾಗ ಅಲೆ ನಡುಗೆರೆಯನ್ನು ದಾಟುವ ಬಿಂದುವಾಗಿರಲಿ, ಇಲ್ಲದಿದ್ದರೆ ಟಿಕ್ ಅನ್ನುತ್ತದೆ. ಆಡಾಸಿಟಿಯಲ್ಲಿ ಆಯ್ಕೆ ಮಾಡಿ ಝಡ್ ಕೀ ಒತ್ತಿದರೆ ಅದೇ ಆ ಬಿಂದು ಹುಡುಕಿಕೊಡುತ್ತದೆ.

ಬಾಲವನ್ನು ಮಾತ್ರ ಕತ್ತರಿಸಬೇಡಿ. ನಗಾರಿಯ ಗುಂಯ್ ಅನ್ನುವ ನಾದ ಪೂರ್ತಿ ಆರುವವರೆಗೆ ಇರಲಿ.

ಫೈಲ್ ಹೆಸರಿನ ಮೊದಲಿಗೇ ನಂಬರ್ ಬರೆಯಿರಿ: "38 ತಮಟೆ ನಡು ಜೋರು", "38 ತಮಟೆ ನಡು ಮೆಲ್ಲಗೆ". ಅರ್ಧ ಗೊಂದಲ ಇಲ್ಲೇ ತೀರುತ್ತದೆ.

ಹಂತ 4: ಪಾಲಿಫೋನ್‌ನಲ್ಲಿ ಕಿಟ್ ಕಟ್ಟಿ

ಪಾಲಿಫೋನ್‌ನಲ್ಲಿ ಮೂರು ಅಂತಸ್ತು ಇದೆ. ಸ್ಯಾಂಪಲ್, ಇನ್‌ಸ್ಟ್ರುಮೆಂಟ್, ಪ್ರಿಸೆಟ್. ಸ್ಯಾಂಪಲ್‌ಗಳನ್ನು ಒಳಗೆ ತನ್ನಿ. ಹೊಸ ಇನ್‌ಸ್ಟ್ರುಮೆಂಟ್ ಮಾಡಿ ಅವುಗಳನ್ನು ಅದರೊಳಗೆ ಎಳೆದುಹಾಕಿ. ಪ್ರತಿ ಸ್ಯಾಂಪಲ್‌ಗೂ ಒಂದು ಕಾಲಂ ಬರುತ್ತದೆ. ಅದರಲ್ಲಿ ಐದು ವಿಷಯ ತುಂಬಬೇಕು.

ಕೀ ರೇಂಜ್: ಈ ಸ್ಯಾಂಪಲ್ ಯಾವ ನಂಬರಿನಿಂದ ಯಾವ ನಂಬರಿಗೆ ನುಡಿಯಬೇಕು ಅನ್ನುವುದು. ಡ್ರಮ್ಮಿಗೆ ಒಂದೇ ನಂಬರ್ ಸಾಕು. ನಗಾರಿಗೆ 36ರಿಂದ 36.

ರೂಟ್ ಕೀ: ಸ್ಯಾಂಪಲ್ ತನ್ನ ಸಹಜ ಶ್ರುತಿಯಲ್ಲಿ ನುಡಿಯುವ ಕೀ. ಅತಿ ಹೆಚ್ಚು ಜನ ಬೀಳುವ ಹಳ್ಳ ಇದು. ವೇವ್ ಫೈಲ್ ಒಳಗೆ ಬಂದಾಗ ರೂಟ್ ಕೀ ಸಾಮಾನ್ಯವಾಗಿ 60 ಇರುತ್ತದೆ. ನೀವು ಅದನ್ನು 36ರಲ್ಲಿ ಕೂರಿಸಿದರೆ ಸಾಫ್ಟ್‌ವೇರ್ "24 ಅರ್ಧಸ್ವರ ಕೆಳಗೆ ನುಡಿಸಬೇಕು" ಅಂದುಕೊಳ್ಳುತ್ತದೆ. ಎರಡು ಸ್ಥಾಯಿ ಕೆಳಗೆ. ಢಂ ಅನ್ನಬೇಕಾದ ನಗಾರಿ ನಾಲ್ಕು ಪಟ್ಟು ಉದ್ದವಾಗಿ, ದೂರದಲ್ಲಿ ಲಾರಿ ಏರು ಹತ್ತಿದ ಹಾಗೆ ಗೊರಗುಟ್ಟುತ್ತದೆ. ಎಷ್ಟೋ ಜನ ಸ್ಯಾಂಪಲ್ಲೇ ಕೆಟ್ಟಿದೆ ಅಂತ ಬಿಸಾಕುತ್ತಾರೆ. ಕೀ ರೇಂಜ್ ಎಷ್ಟೋ ರೂಟ್ ಕೀ ಅಷ್ಟೇ ಇರಲಿ. ನಗಾರಿಗೆ 36, ತಮಟೆಗೆ 38. ಪ್ರತಿ ಕಾಲಂನಲ್ಲೂ ಇದನ್ನು ಎರಡು ಸಲ ನೋಡಿ.

ವೆಲಾಸಿಟಿ ರೇಂಜ್: ಮೂರು ಪದರ ಇದ್ದರೆ 1ರಿಂದ 50 ಮೆಲ್ಲಗಿನ ಸ್ಯಾಂಪಲ್, 51ರಿಂದ 95 ಮಧ್ಯಮ, 96ರಿಂದ 127 ಜೋರು. ಪದರಗಳು ಒಂದರ ಮೇಲೊಂದು ಹತ್ತಿದರೆ ಎರಡೂ ಒಟ್ಟಿಗೆ ಹೊಡೆಯುತ್ತವೆ. ನಡುವೆ ಒಂದು ಅಂಕಿ ಬಿಟ್ಟುಹೋದರೆ ಅಷ್ಟು ಜೋರಿನ ಪೆಟ್ಟಿಗೆ ಮೌನ. 50 ಆದಮೇಲೆ 52 ಬರೆದು ರಾತ್ರಿಯೆಲ್ಲಾ ಹುಡುಕಿದವರನ್ನು ನೋಡಿದ್ದೇನೆ.

ಇನ್ನೊಂದು ಸೂಕ್ಷ್ಮ. ಸೌಂಡ್‌ಫಾಂಟ್‌ನಲ್ಲಿ ವೆಲಾಸಿಟಿ ಕಡಿಮೆಯಾದಂತೆ ಸದ್ದು ತಾನಾಗಿಯೇ ತಗ್ಗುತ್ತದೆ. ನಿಮ್ಮ ಮೆಲ್ಲಗಿನ ಸ್ಯಾಂಪಲ್ ಮೊದಲೇ ಮೆಲ್ಲಗಿದೆ. ಎರಡೂ ಸೇರಿ ಅದು ಕೇಳಿಸುವುದೇ ಇಲ್ಲ. ಹಾಗಾಗಿ ಮೆಲ್ಲಗಿನ ಪದರವನ್ನು ಆಡಾಸಿಟಿಯಲ್ಲೇ ಸ್ವಲ್ಪ ಏರಿಸಿಕೊಂಡು ಬನ್ನಿ. ಎಷ್ಟು ಏರಿಸಬೇಕು ಅನ್ನುವುದನ್ನು ಕಿವಿಯೇ ಹೇಳಬೇಕು. 50ರ ಪೆಟ್ಟು, 51ರ ಪೆಟ್ಟು ಒಂದಾದ ಮೇಲೊಂದು ನುಡಿಸಿ ನೋಡಿ. ಮೆಟ್ಟಿಲು ಹತ್ತಿದ ಹಾಗೆ ಥಟ್ಟನೆ ಏರಬಾರದು. ಹಾಗಂತ ಎಲ್ಲ ಸ್ಯಾಂಪಲ್‌ಗಳನ್ನೂ ಒಂದೇ ಸಲಕ್ಕೆ ನಾರ್ಮಲೈಸ್ ಮಾಡಬೇಡಿ, ಅಂದರೆ ಎಲ್ಲವನ್ನೂ ಒಂದೇ ಎತ್ತರಕ್ಕೆ ತರಬೇಡಿ. ಗೆಜ್ಜೆಯೂ ನಗಾರಿಯಷ್ಟೇ ಅಬ್ಬರಿಸಿದರೆ ಅದು ಮೇಳ ಅನ್ನಿಸುವುದಿಲ್ಲ.

ರಿಲೀಸ್: ಕೀ ಬಿಟ್ಟ ಮೇಲೆ ಸದ್ದು ಎಷ್ಟು ಹೊತ್ತು ಉಳಿಯಬೇಕು ಅನ್ನುವುದು. ಏನೂ ಮಾಡದಿದ್ದರೆ ಕೀ ಬಿಟ್ಟ ತಕ್ಷಣ ಸದ್ದು ಕತ್ತರಿಸುತ್ತದೆ. ಬೆರಳಲ್ಲಿ ಕೀ ಒತ್ತಿ ಹಿಡಿದು ಪರೀಕ್ಷೆ ಮಾಡುವಾಗ ಇದು ಗೊತ್ತೇ ಆಗುವುದಿಲ್ಲ. ಕೋಲಿನಿಂದ ಹೊಡೆಯುವ ಎಲೆಕ್ಟ್ರಾನಿಕ್ ಪ್ಯಾಡ್‌ನಲ್ಲಿ ನುಡಿಸಿದಾಗ ಗೊತ್ತಾಗುತ್ತದೆ. ಪ್ಯಾಡ್ ಕೋಲಿನ ಪೆಟ್ಟು ಬಿದ್ದ ಕೂಡಲೇ "ಬಿಟ್ಟೆ" ಅಂತ ಹೇಳಿಬಿಡುತ್ತದೆ. ನಗಾರಿ ಢಪ್ ಅಂತ ಸತ್ತುಹೋಗುತ್ತದೆ. ವಾಲ್ಯೂಮ್ ಎನ್ವಲಪ್‌ನ ರಿಲೀಸ್ ಅನ್ನು ಆ ಸ್ಯಾಂಪಲ್‌ನ ಉದ್ದಕ್ಕಿಂತ ಜಾಸ್ತಿ ಇಡಿ. ಎರಡು ಸೆಕೆಂಡಿನ ಸ್ಯಾಂಪಲ್‌ಗೆ ನಾನು ಐದು ಸೆಕೆಂಡ್ ಇಡುತ್ತೇನೆ.

ಎಕ್ಸ್‌ಕ್ಲೂಸಿವ್ ಕ್ಲಾಸ್: ಒಂದು ನುಡಿದರೆ ಇನ್ನೊಂದು ನಿಲ್ಲಬೇಕು ಅನ್ನುವ ಜೋಡಿಗಳಿಗೆ. ಕಂಸಾಳೆ ಬಿಟ್ಟು ಹೊಡೆದು ಝಣ್ ಅನ್ನುತ್ತಿರುವಾಗ ಅದುಮಿದರೆ ಆ ಝಣ್ ನಿಲ್ಲಬೇಕಲ್ವಾ? 42, 46 ಎರಡಕ್ಕೂ, 44ರಲ್ಲಿ ಏನಾದರೂ ಇಟ್ಟಿದ್ದರೆ ಅದಕ್ಕೂ, ಇಲ್ಲಿ 1 ಅಂತ ಕೊಡಿ. ಉಳಿದವಕ್ಕೆ 0 ಇರಲಿ. ಎಲ್ಲಕ್ಕೂ 1 ಕೊಟ್ಟರೆ ಒಂದು ಪೆಟ್ಟು ಇನ್ನೊಂದನ್ನು ನುಂಗುತ್ತಾ ಹೋಗುತ್ತದೆ.

ಕೊನೆಗೆ ಈ ಇನ್‌ಸ್ಟ್ರುಮೆಂಟನ್ನು ಒಂದು ಪ್ರಿಸೆಟ್‌ಗೆ ಹಾಕಿ. ಬ್ಯಾಂಕ್ 128, ಪ್ರಿಸೆಟ್ 0 ಕೊಡಿ. ಸೌಂಡ್‌ಫಾಂಟ್‌ನಲ್ಲಿ 128ನೇ ಬ್ಯಾಂಕ್ ಡ್ರಮ್ಸ್‌ನದ್ದು. ಬ್ಯಾಂಕ್ 0 ಕೊಟ್ಟರೆ ಪಿಯಾನೋ ಇರಬೇಕಾದ ಜಾಗದಲ್ಲಿ ನಿಮ್ಮ ತಮಟೆ ಕೂತಿರುತ್ತದೆ.

ಹಂತ 5: ಪ್ಯಾಡ್‌ಗಳನ್ನು ಹೊಂದಿಸಿ

ಆಕ್ಟಾಪ್ಯಾಡ್ ಬಳಸುವವರು ಎಂಟು ಪ್ಯಾಡ್‌ಗೂ ಯಾವ ನೋಟ್ ನಂಬರ್ ಹೋಗುತ್ತಿದೆ ಅಂತ ಸೆಟ್ಟಿಂಗ್‌ನಲ್ಲಿ ನೋಡಿ, ಮೇಲಿನ ಹಂಚಿಕೆಯಂತೆ ಬದಲಿಸಿ ಸೇವ್ ಮಾಡಿ. ಚಾನೆಲ್ 10 ಇರಲಿ. ಕೆಲವು ಸಾಫ್ಟ್‌ವೇರ್‌ಗಳು ಚಾನೆಲ್‌ಗಳನ್ನು 0ಯಿಂದ ಎಣಿಸುತ್ತವೆ. ಅಲ್ಲಿ 9 ಅಂತ ಕಂಡರೆ ಅದೇ 10.

ರೋಲ್ಯಾಂಡ್ ಎಲೆಕ್ಟ್ರಾನಿಕ್ ಡ್ರಮ್ ಕಿಟ್ ಇರುವವರಿಗೆ ಬೇರೆ ತೊಂದರೆ. ಅದರ ಹೈ ಹ್ಯಾಟ್‌ನ ಅಂಚಿಗೆ ಹೊಡೆದರೆ ಮುಚ್ಚಿದಾಗ 22, ತೆರೆದಾಗ 26 ಹೋಗುತ್ತದೆ. ಎರಡೂ ಜನರಲ್ ಮಿಡಿ ಪಟ್ಟಿಯಲ್ಲಿಲ್ಲ. ಅದಕ್ಕೇ ಕೆಲವು ಪೆಟ್ಟುಗಳು ಮಾಯವಾಗುತ್ತವೆ. ಪಾಲಿಫೋನ್‌ನಲ್ಲಿ 42ರ ಕಾಲಂ ನಕಲು ಮಾಡಿ 22ಕ್ಕೂ, 46ರದ್ದನ್ನು 26ಕ್ಕೂ ಕೊಡಿ. ರೂಟ್ ಕೀ ಬದಲಿಸುವುದನ್ನು ಇಲ್ಲೂ ಮರೆಯಬೇಡಿ.

ಕೀಬೋರ್ಡ್‌ನಿಂದ ನುಡಿಸುವವರು ಟ್ರಾನ್ಸ್‌ಪೋಸ್ ನೋಡಿಕೊಳ್ಳಿ. ಗಾಯಕರ ಶ್ರುತಿಗೆ ಎರಡು ಮನೆ ಏರಿಸಿದ್ದನ್ನು ಇಳಿಸದೆ ಡ್ರಮ್ಸ್ ನುಡಿಸಿದರೆ 36 ಹೋಗಿ 38 ಆಗುತ್ತದೆ. ನಗಾರಿ ಒತ್ತಿದರೆ ತಮಟೆ. ಆಕ್ಟೇವ್ ಬಟನ್ ಒಂದು ಸಲ ಒತ್ತಿದ್ದರೆ 12 ನಂಬರ್ ಆಚೀಚೆ. ವೇದಿಕೆಗೆ ಹತ್ತುವ ಮುಂಚೆ ಎರಡನ್ನೂ ಸೊನ್ನೆಗೆ ತನ್ನಿ.

ಹಂತ 6: ಹಳೆಯ ಬೀಟ್‌ಗಳನ್ನು ತಿದ್ದಿ

ಹಳೆಯ ಹಂಚಿಕೆಯಲ್ಲಿ ಮಾಡಿದ ಫೈಲ್‌ಗಳು ಈಗ ಹೊಸ ಕಿಟ್‌ಗೆ ಹೊಂದುವುದಿಲ್ಲ. ಅವುಗಳ ನೋಟ್ ನಂಬರ್ ಬದಲಿಸಬೇಕು. ಮೊದಲು ಕಾಪಿ ತೆಗೆದಿಡಿ. ನೋಟ್‌ಬುಕ್‌ನಲ್ಲಿ ಎಡಕ್ಕೆ ಹಳೇ ನಂಬರ್, ಬಲಕ್ಕೆ ಹೊಸ ನಂಬರ್ ಬರೆಯಿರಿ.

ಇಲ್ಲಿ ಒಂದು ಬಲೆ ಇದೆ. ನಿಮ್ಮ ಹಳೇ ಕಿಟ್‌ನಲ್ಲಿ ನಗಾರಿ 38, ತಮಟೆ 36 ಇತ್ತು ಅಂದುಕೊಳ್ಳಿ. ಎಲ್ಲ 38ನ್ನೂ ಆಯ್ಕೆ ಮಾಡಿ 36 ಮಾಡಿದಿರಿ. ಈಗ ನಗಾರಿಯೂ 36, ತಮಟೆಯೂ 36. ಆಮೇಲೆ 36ನ್ನು 38 ಮಾಡಿದರೆ ಎರಡೂ ಅಲ್ಲಿಗೇ ಹೋಗುತ್ತವೆ. ಬೇರ್ಪಡಿಸುವ ದಾರಿಯೇ ಇರುವುದಿಲ್ಲ. ಅದಕ್ಕೆ ಮೊದಲು ನಗಾರಿಯನ್ನು 100ಕ್ಕೆ ಕಳಿಸಿ, ಅಲ್ಲಿ ಯಾರೂ ಇಲ್ಲ. ಆಮೇಲೆ ತಮಟೆಯನ್ನು 38ಕ್ಕೆ ತನ್ನಿ. ಕೊನೆಗೆ 100ನ್ನು 36ಕ್ಕೆ ಇಳಿಸಿ. ಎಷ್ಟೇ ವಾದ್ಯ ಇದ್ದರೂ ಇದೇ ಕ್ರಮ. ಮೊದಲು ಎಲ್ಲವನ್ನೂ 100ರ ಮೇಲಕ್ಕೆ ಸಾಗಿಸಿ, ಆಮೇಲೆ ಒಂದೊಂದಾಗಿ ಮನೆಗೆ ತನ್ನಿ.

ಹಂತ 7: ಪರೀಕ್ಷೆ

ನಿಮ್ಮ ಕಿಟ್‌ನಲ್ಲಿ ಕೇಳಿದರೆ ಸಾಲದು. ಅದೇ ಫೈಲನ್ನು ಯಾವುದಾದರೂ ಸಾಮಾನ್ಯ ಜನರಲ್ ಮಿಡಿ ಕೀಬೋರ್ಡ್‌ನಲ್ಲಿ, ಅದರದ್ದೇ ಡ್ರಮ್ ಸದ್ದಿನಲ್ಲಿ ಹಾಕಿ. ಒಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಏನೂ ಹೇಳದೆ ಕೇಳಿಸಿ. ತಮಟೆ ಇಲ್ಲದೆಯೂ ಅವರ ಕಾಲು ಸರಿಯಾದ ಪೆಟ್ಟಿಗೆ ನೆಲ ತಟ್ಟಿದರೆ ನಿಮ್ಮ ಹಂಚಿಕೆ ಸರಿ ಇದೆ. ಎಲ್ಲಾದರೂ ತಡವರಿಸಿದರೆ ಆ ಜಾಗದ ನಂಬರ್ ಗುರುತು ಹಾಕಿಕೊಂಡು ಹಂತ 2ಕ್ಕೆ ಹೋಗಿ.

ಫೈಲ್ ಬೇರೆಯವರಿಗೆ ಕಳಿಸುವಾಗ ಸೌಂಡ್‌ಫಾಂಟ್ ಜೊತೆ ನಿಮ್ಮ ಹಂಚಿಕೆಯ ಪಟ್ಟಿಯನ್ನೂ ಕಳಿಸಿ. ನೋಟ್‌ಬುಕ್ಕಿನ ಆ ಪುಟದ ಒಂದು ಫೋಟೋ ಆದರೂ ಸಾಕು.